ನದಿಯಾಚೆಯ ರೋಗಿ, ನದಿಯೀಚೆಯ ನರ್ಸ್

(ನ್ಯೂಜೆರ್ಸಿಯಲ್ಲಿ ನಡೆದ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಈ ಕೂಟದಲ್ಲಿ ಸಾಮಾನ್ಯವಾಗಿ ಕತೆ, ಕವಿತೆ, ಸಂವಿಧಾನ, ಚುನಾವಣೆಗಳ ಕುರಿತು ಮಾತು ನಡೆಯುತ್ತದೆ. ‘ನಿಮ್ಮ ಕೆಲಸದ ಬಗ್ಗೆ ಮಾತಾಡಿ’ ಎಂದು ಸಂಚಾಲಕರು ಕರೆದಾಗ ನಾನು ಮೊದಲು ಹಿಂಜರಿದೆ. ನರ್ಸ್ ಒಬ್ಬಳನ್ನು ವೇದಿಕೆಗೆ ಕರೆದಾಗ ಜನ ಅವಳಿಂದ ತ್ಯಾಗದ ಕತೆಯನ್ನೋ ಕರುಣೆಯ ಕತೆಯನ್ನೋ ನಿರೀಕ್ಷಿಸುತ್ತಾರೆ. ನಾನು ಇಂದು ಎರಡನ್ನೂ ಹೇಳಲಾರೆ. ಒಂದು ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ. ಆ ಕಾಗದ ನಮ್ಮ ಪರವಾನಗಿ.

2019ರ ಚಳಿಗಾಲದ ಒಂದು ಸಂಜೆ. ದಕ್ಷಿಣ ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ನನ್ನ ಪಾಳಿ ಮುಗಿಯುತ್ತಿತ್ತು. ನಾಲ್ಕು ದಿನಗಳ ಹಿಂದೆ ಮನೆಗೆ ಹೋಗಿದ್ದ ರೋಗಿಯೊಬ್ಬರು ಕರೆಮಾಡಿದರು. ನಿವೃತ್ತ ಬಸ್ ಚಾಲಕರು, ಮನೆ ಫಿಲಡೆಲ್ಫಿಯಾದಲ್ಲಿ. ಎರಡು ದಿನಗಳಲ್ಲಿ ತೂಕ ಎರಡು ಕಿಲೋ ಏರಿದೆ, ಕಾಲು ಬಾತಿದೆ, ರಾತ್ರಿ ಅಂಗಾತ ಮಲಗಲು ಆಗುತ್ತಿಲ್ಲ ಎಂದರು. ಹೃದಯ ಸೋಲುತ್ತಿರುವ ರೋಗಿಯ ಬಾಯಲ್ಲಿ ಈ ಮೂರು ಮಾತು ಒಟ್ಟಿಗೆ ಬಂದರೆ ಅದರ ಅರ್ಥವೇನೆಂದು ನಮ್ಮಲ್ಲಿ ಯಾವ ನರ್ಸಿಗೂ ಗೊತ್ತು. ನೀರಿಳಿಸುವ ಮಾತ್ರೆ ತಪ್ಪದೆ ತೆಗೆದುಕೊಂಡಿರಾ, ಊಟದಲ್ಲಿ ಉಪ್ಪೆಷ್ಟು, ಉಸಿರು ಹೇಗಿದೆ ಎಂದು ನಾನು ಸಾಲಾಗಿ ಕೇಳಬೇಕಿತ್ತು. ಕೇಳಿ, ಮುಂದೇನು ಮಾಡಬೇಕೆಂದು ಹೇಳಬೇಕಿತ್ತು. ಐದು ದಿನ ಅವರ ಪಕ್ಕದಲ್ಲಿ ನಿಂತು ಶುಶ್ರೂಷೆ ಮಾಡಿದವಳು ನಾನು.

ಆದರೆ ಅವರು ಡೆಲವೇರ್ ನದಿಯ ಆಚೆ ದಡದಲ್ಲಿದ್ದರು. ಅದು ಪೆನ್ಸಿಲ್ವೇನಿಯಾ. ನನ್ನ ಪರವಾನಗಿ ನ್ಯೂಜೆರ್ಸಿಯದು. ಫೋನಿನಲ್ಲಿ ಸಲಹೆ ಕೊಡುವುದೂ ಶುಶ್ರೂಷೆಯೇ. ಆ ಶುಶ್ರೂಷೆ ನಡೆಯುವುದು ರೋಗಿ ಇರುವ ಜಾಗದಲ್ಲಿ ಎಂಬುದು ಕಾನೂನಿನ ಲೆಕ್ಕ. ನಮಗೆ ಬರೆದುಕೊಟ್ಟಿದ್ದ ಮಾತನ್ನು ನಾನು ಓದಿದೆ: ‘ನಿಮ್ಮ ವೈದ್ಯರನ್ನು ಸಂಪರ್ಕಿಸಿ, ತುರ್ತಾಗಿದ್ದರೆ 911ಕ್ಕೆ ಕರೆಮಾಡಿ.’ ಅವರು ಸುಮ್ಮನಾದರು. ‘ನೀವು ಅದೇ ನರ್ಸ್ ತಾನೇ?’ ಎಂದು ಕೇಳಿದರು. ಅದೇ ನರ್ಸ್ ನಾನು. ಸೇತುವೆ ಮಾತ್ರ ನಡುವೆ ಇತ್ತು.

ಅವರು ಬದುಕಿದರು. ಮಧ್ಯರಾತ್ರಿ ಉಸಿರುಗಟ್ಟಿ, ಆಂಬ್ಯುಲೆನ್ಸಿನಲ್ಲಿ ತುರ್ತು ಘಟಕ ಸೇರಿ, ಬದುಕಿದರು. ಸಂಜೆಯೇ ಎರಡು ಮಾತು ಹೇಳಿದ್ದರೆ ಆ ರಾತ್ರಿ ತಪ್ಪುತ್ತಿತ್ತೇ ಎಂದು ಇಂದಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ.

ಇಲ್ಲಿ ಕೂತಿರುವ ಬಹುಪಾಲು ಜನ ಸಾಫ್ಟ್‌ವೇರ್ ಕ್ಷೇತ್ರದವರು. ಎಡಿಸನ್ನಿನ ಮನೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಬ್ಯಾಂಕಿಗೆ ಕೋಡ್ ಬರೆಯಲು ನಿಮಗೆ ಯಾವ ರಾಜ್ಯದ ಅಪ್ಪಣೆಯೂ ಬೇಡ. ಆದ್ದರಿಂದ ಈ ಗೋಡೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರಿಸಬೇಕು.

ಈ ದೇಶದಲ್ಲಿ ವೃತ್ತಿಗಳಿಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯಗಳದು. ವೈದ್ಯರ ವಿಷಯದಲ್ಲಿ ಇದನ್ನು ಸುಪ್ರೀಂ ಕೋರ್ಟ್ 1889ರಲ್ಲಿ, ವೆಸ್ಟ್ ವರ್ಜೀನಿಯಾದ ಒಂದು ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ನರ್ಸುಗಳ ನೋಂದಣಿಗೆ ಮೊದಲ ಕಾನೂನು ಮಾಡಿದ್ದು ನಾರ್ತ್ ಕ್ಯಾರೊಲಿನಾ, 1903ರಲ್ಲಿ. ಅದೇ ವರ್ಷ ನ್ಯೂಜೆರ್ಸಿ, ನ್ಯೂಯಾರ್ಕ್, ವರ್ಜೀನಿಯಾಗಳೂ ಮಾಡಿದವು. ಆ ಕಾನೂನುಗಳಿಗಾಗಿ ಹೋರಾಡಿದವರು ಮತದಾನದ ಹಕ್ಕೂ ಇಲ್ಲದಿದ್ದ ಹೆಂಗಸರು. ತರಬೇತಿ ಪಡೆದ ದುಡಿಮೆಗೆ ಒಂದು ಹೆಸರು, ಒಂದು ಬೆಲೆ ಬೇಕೆಂದು ಅವರು ಕೇಳಿದರು. ಆದ್ದರಿಂದ ಪರವಾನಗಿಯೆಂಬುದನ್ನು ಕೇವಲ ಸರ್ಕಾರಿ ಕಿರುಕುಳವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅದು ರೋಗಿಗೂ ರಕ್ಷೆ, ನರ್ಸಿಗೂ ರಕ್ಷೆ.

ಆದರೆ ಅದೇ ರಾಜ್ಯದ ಗಡಿ ಬೇರೊಂದು ಕೆಲಸವನ್ನೂ ಮಾಡಿದೆ. ಅಮೆರಿಕದ ನರ್ಸುಗಳ ರಾಷ್ಟ್ರೀಯ ಸಂಘಕ್ಕೆ ಸದಸ್ಯರಾಗಲು ರಾಜ್ಯ ಸಂಘದ ಮೂಲಕವೇ ಬರಬೇಕಿತ್ತು. ದಕ್ಷಿಣದ ರಾಜ್ಯ ಸಂಘಗಳು ಕಪ್ಪು ನರ್ಸುಗಳನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ರಾಷ್ಟ್ರೀಯ ಸಂಘದ ಬಾಗಿಲೂ ಅವರಿಗೆ ಮುಚ್ಚಿತ್ತು. ಅವರು 1908ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ನಾಲ್ಕು ದಶಕ ಹೋರಾಡಿದ ಮೇಲೆ, 1948ರಲ್ಲಿ, ರಾಜ್ಯ ಸಂಘವನ್ನು ಬಳಸದೆ ನೇರವಾಗಿ ಸದಸ್ಯರಾಗುವ ದಾರಿ ತೆರೆಯಿತು. ‘ರಾಜ್ಯದ ಹಕ್ಕು’ ಎಂಬ ಮಾತು ಕೇಳಿದಾಗ ಆ ಹಕ್ಕು ಯಾರನ್ನು ಕಾಯುತ್ತಿದೆ, ಯಾರನ್ನು ಹೊರಗಿಡುತ್ತಿದೆ ಎಂದು ಕೇಳುವುದನ್ನು ನಾನು ಈ ಚರಿತ್ರೆಯಿಂದ ಕಲಿತೆ.

ನಾನು ಓದಿದ್ದು ಮಂಗಳೂರಿನಲ್ಲಿ. ತರಗತಿಯ ಅರ್ಧಕ್ಕರ್ಧ ಗೆಳತಿಯರು ಕೇರಳದವರು. ಓದು ಮುಗಿಸಿ ಊರಿಗೆ ಮರಳಿದವರು ಕರ್ನಾಟಕದ ನೋಂದಣಿ ಕೈಯಲ್ಲಿದ್ದರೂ ಅಲ್ಲಿನ ಕೌನ್ಸಿಲಿನ ಮುಂದೆ ಮತ್ತೆ ಸಾಲು ನಿಲ್ಲಬೇಕಾಗಿತ್ತು. ನಮ್ಮ ದೇಶದಲ್ಲಿ 1947ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, ರಾಷ್ಟ್ರೀಯ ನೋಂದಣಿ ಪುಸ್ತಕದ ಮಾತು ಈಗ ಕೇಳಿಬರುತ್ತಿದೆ. ಗಡಿಯ ಸಮಸ್ಯೆ ಅಮೆರಿಕದ್ದು ಮಾತ್ರವಲ್ಲ ಎನ್ನಲು ಇದನ್ನು ಹೇಳಿದೆ. ಆದರೆ ಇಲ್ಲಿನ ವಿಚಿತ್ರ ಇನ್ನೂ ಹೆಚ್ಚು. ಇಲ್ಲಿ ಎಲ್ಲ ರಾಜ್ಯಗಳ ನರ್ಸುಗಳೂ ಬರೆಯುವ ಪರೀಕ್ಷೆ ಒಂದೇ, ಎನ್‌ಕ್ಲೆಕ್ಸ್. ತೇರ್ಗಡೆಯ ಮಟ್ಟವೂ ಒಂದೇ. ಪರೀಕ್ಷೆ ಇಡೀ ದೇಶದ್ದು, ಪರವಾನಗಿ ಮಾತ್ರ ರಾಜ್ಯದ್ದು. ನದಿ ದಾಟಬೇಕಾದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ನನ್ನಂಥ ಹೊರದೇಶದಲ್ಲಿ ಓದಿದವರಿಗಂತೂ ಮಂಗಳೂರಿನಿಂದ ಅಂಕಪಟ್ಟಿ, ಬೆಂಗಳೂರಿನ ಕೌನ್ಸಿಲಿನಿಂದ ದೃಢೀಕರಣ ತರಿಸುವ ಪರದಾಟ.

ಈ ಗೋಡೆಯಲ್ಲಿ ಬಾಗಿಲು ಕೊರೆಯುವ ಪ್ರಯತ್ನವೇ ನರ್ಸ್ ಪರವಾನಗಿ ಒಡಂಬಡಿಕೆ. ರಾಜ್ಯಗಳು ಪರಸ್ಪರ ಮಾಡಿಕೊಂಡ ಒಪ್ಪಂದವಿದು, ಕೇಂದ್ರದ ಕಾನೂನಲ್ಲ. 2000ದಲ್ಲಿ ಕೆಲವೇ ರಾಜ್ಯಗಳೊಂದಿಗೆ ಜಾರಿಗೆ ಬಂತು. ಈಗಿನ ಪರಿಷ್ಕೃತ ರೂಪ 2018ರ ಜನವರಿಯಿಂದ ನಡೆಯುತ್ತಿದೆ. ಇಂದು ನಲವತ್ತಕ್ಕೂ ಹೆಚ್ಚು ರಾಜ್ಯ ಮತ್ತು ಪ್ರಾಂತಗಳು ಇದರಲ್ಲಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಮಿನೆಸೋಟಾ, ಆರಿಗನ್‌ನಂಥ ಕೆಲವು ರಾಜ್ಯಗಳು ಹೊರಗುಳಿದಿವೆ.

ಇದು ನಡೆಯುವ ಬಗೆಯನ್ನು ಅರಿಯಲು ನಿಮ್ಮ ಚಾಲನಾ ಪರವಾನಗಿಯನ್ನು ನೆನಪಿಸಿಕೊಳ್ಳಿ. ನ್ಯೂಜೆರ್ಸಿಯ ಲೈಸೆನ್ಸ್ ಹಿಡಿದು ಟೆಕ್ಸಾಸಿನಲ್ಲಿ ಕಾರು ಓಡಿಸಬಹುದು. ಆದರೆ ಟೆಕ್ಸಾಸಿನ ರಸ್ತೆ ನಿಯಮವನ್ನೇ ಪಾಲಿಸಬೇಕು. ಇಲ್ಲಿಯೂ ಹಾಗೆಯೇ. ನಾನು ಖಾಯಂ ಆಗಿ ವಾಸಿಸುವ ರಾಜ್ಯ ನನಗೆ ಬಹುರಾಜ್ಯ ಪರವಾನಗಿ ಕೊಡುತ್ತದೆ. ಉಳಿದ ಸದಸ್ಯ ರಾಜ್ಯಗಳು ಅದನ್ನು ಮಾನ್ಯ ಮಾಡುತ್ತವೆ. ರೋಗಿ ಎಲ್ಲಿದ್ದಾರೋ ಅಲ್ಲಿನ ಶುಶ್ರೂಷಾ ಕಾನೂನು ನನಗೆ ಅನ್ವಯಿಸುತ್ತದೆ. ತಪ್ಪು ಮಾಡಿದರೆ ಆ ರಾಜ್ಯ ತನ್ನ ನೆಲದಲ್ಲಿ ನನ್ನ ಕೆಲಸವನ್ನು ನಿಲ್ಲಿಸಬಹುದು, ನನ್ನ ರಾಜ್ಯ ಪರವಾನಗಿಯನ್ನೇ ಕಸಿದುಕೊಳ್ಳಬಹುದು. ಒಂದು ಸದಸ್ಯ ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದರೆ 60 ದಿನಗಳೊಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು.

ನ್ಯೂಜೆರ್ಸಿ 2021ರ ನವೆಂಬರಿನಲ್ಲಿ ಇದನ್ನು ಪೂರ್ಣವಾಗಿ ಜಾರಿಗೆ ತಂದಿತು. ಪೆನ್ಸಿಲ್ವೇನಿಯಾ ಅದೇ ವರ್ಷ ಕಾನೂನು ಮಾಡಿದರೂ, ಬೆರಳಚ್ಚು ತಪಾಸಣೆಗೆ ಕೇಂದ್ರದ ಒಪ್ಪಿಗೆ ಸಿಗದೆ ತಡವಾಯಿತು. 2023ರ ಸೆಪ್ಟೆಂಬರಿನಿಂದ ಹೊರಗಿನವರನ್ನು ಒಳಗೆ ಬಿಟ್ಟಿತು, 2025ರ ಜುಲೈನಲ್ಲಷ್ಟೇ ತನ್ನ ನರ್ಸುಗಳಿಗೆ ಬಹುರಾಜ್ಯ ಪರವಾನಗಿ ಕೊಡಲು ಆರಂಭಿಸಿತು. ಇಂದು ಆ ಬಸ್ ಚಾಲಕರು ಕರೆಮಾಡಿದರೆ ನಾನು ಉತ್ತರ ಕೊಡಬಲ್ಲೆ. ಅದಕ್ಕಾಗಿ ನಾನು ಈ ಒಡಂಬಡಿಕೆಯ ಪರವಾಗಿದ್ದೇನೆ, ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಗೋಡೆ ಅನಿವಾರ್ಯವಲ್ಲ ಎಂಬುದನ್ನು ಕೋವಿಡ್ ತೋರಿಸಿತು. 2020ರ ಮಾರ್ಚಿನಲ್ಲಿ, ಒಡಂಬಡಿಕೆಗೆ ಎಂದೂ ಸೇರದ ನ್ಯೂಯಾರ್ಕ್, ಗವರ್ನರರ ಒಂದು ಆದೇಶದಿಂದ ಹೊರರಾಜ್ಯದ ನರ್ಸುಗಳಿಗೆ ಬಾಗಿಲು ತೆರೆಯಿತು. ವರ್ಷಾನುಗಟ್ಟಲೆ ‘ರೋಗಿಯ ಸುರಕ್ಷತೆಗಾಗಿ’ ಎಂದು ಕಾಯ್ದುಕೊಂಡು ಬಂದ ನಿಯಮ, ರೋಗಿಗಳು ಅತ್ಯಂತ ಅಪಾಯದಲ್ಲಿದ್ದಾಗ ಒಂದು ಸಹಿಗೆ ಸರಿಯಿತು.

ಇನ್ನು ನನ್ನದೇ ಸಂಗಾತಿಗಳು ಎತ್ತುವ ಆಕ್ಷೇಪಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾ, ಮಿನೆಸೋಟಾ, ಮ್ಯಾಸಚೂಸೆಟ್ಸ್‌ಗಳ ನರ್ಸುಗಳ ಕಾರ್ಮಿಕ ಸಂಘಗಳು ಈ ಒಡಂಬಡಿಕೆಯನ್ನು ವಿರೋಧಿಸುತ್ತಾ ಬಂದಿವೆ. ಆಸ್ಪತ್ರೆಗಳ ಒಕ್ಕೂಟಗಳು ಬೆಂಬಲಿಸಿವೆ. ಈ ಸಾಲುಗಳನ್ನು ನೋಡಿದ ಯಾವ ಪ್ರಗತಿಪರನಿಗೂ ಒಮ್ಮೆ ಅನುಮಾನ ಬರಬೇಕು, ನನಗೂ ಬಂತು.

ಸಂಘಗಳ ಮೊದಲ ಭಯ ಮುಷ್ಕರದ್ದು. 2023ರ ಆಗಸ್ಟಿನಲ್ಲಿ ನಮ್ಮದೇ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸುಮಾರು 1,700 ನರ್ಸುಗಳು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಒಬ್ಬ ನರ್ಸಿಗೆ ಇಷ್ಟೇ ರೋಗಿಗಳೆಂಬ ಮಿತಿ ಅವರ ಮುಖ್ಯ ಬೇಡಿಕೆ. ನಾನು ಅಲ್ಲಿನ ಉದ್ಯೋಗಿಯಲ್ಲ. ರಜೆಯ ದಿನ ಹೋಗಿ ಅವರ ಸಾಲಿನಲ್ಲಿ ನಿಂತಿದ್ದೆ. ಒಳಗೆ ಕೆಲಸ ನಡೆಸಲು ಏಜೆನ್ಸಿಗಳ ಮೂಲಕ ಬದಲಿ ನರ್ಸುಗಳು ಬಂದರು. ಅವರಲ್ಲಿ ಬಹುರಾಜ್ಯ ಪರವಾನಗಿ ಇದ್ದವರಿಗೆ ನ್ಯೂಜೆರ್ಸಿಯ ಇನ್ನೊಂದು ಕಾಗದ ಬೇಕಿರಲಿಲ್ಲ. ನದಿಯಾಚೆಯ ರೋಗಿಯನ್ನು ನನಗೆ ತಲುಪಿಸುವ ಅದೇ ಬಾಗಿಲಿನಿಂದ ಮುಷ್ಕರ ಮುರಿಯುವವರೂ ಒಳಬರಬಹುದು. ಇದನ್ನು ಒಪ್ಪದೆ ಒಡಂಬಡಿಕೆಯನ್ನು ಹೊಗಳುವುದು ಅಪ್ರಾಮಾಣಿಕತೆ.

ಆದರೆ ಮಿನೆಸೋಟಾವನ್ನೂ ನೋಡಿ. ಆ ರಾಜ್ಯ ಒಡಂಬಡಿಕೆಯಲ್ಲಿಲ್ಲ. 2016ರಲ್ಲಿ ಅಲ್ಲಿ ಸಾವಿರಾರು ನರ್ಸುಗಳು ಮುಷ್ಕರ ಹೂಡಿದಾಗಲೂ ಹೊರರಾಜ್ಯಗಳಿಂದ ಬದಲಿ ನರ್ಸುಗಳು ಬಂದರು. ಹಣವುಳ್ಳ ಆಸ್ಪತ್ರೆಗೆ ಪರವಾನಗಿಯ ಗೋಡೆ ಅಡ್ಡಿಯಾಗಲಿಲ್ಲ. ಗೋಡೆ ಅಡ್ಡಿಯಾಗುವುದು ಫಿಲಡೆಲ್ಫಿಯಾದ ಬಸ್ ಚಾಲಕರಿಗೆ, ಗಂಡನ ವರ್ಗಾವಣೆಯಾದಾಗ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂರುವ ಸೈನಿಕನ ಹೆಂಡತಿಗೆ. ಮತ್ತು ನ್ಯೂ ಬ್ರನ್ಸ್‌ವಿಕ್‌ನ ನರ್ಸುಗಳು ಬದಲಿಯವರು ಬಂದರೂ ಸೋಲಲಿಲ್ಲ. ನಾಲ್ಕು ತಿಂಗಳು ನಿಂತು, ಡಿಸೆಂಬರಿನಲ್ಲಿ ರೋಗಿಗಳ ಮಿತಿಯನ್ನು ಒಪ್ಪಂದದಲ್ಲಿ ಬರೆಸಿಕೊಂಡೇ ಕೆಲಸಕ್ಕೆ ಮರಳಿದರು.

ಎರಡನೆಯ ಭಯ ಇನ್ನೂ ಆಳದ್ದು. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಿಂದ ಆಸ್ಪತ್ರೆಗಳಲ್ಲಿ ನರ್ಸ್-ರೋಗಿ ಅನುಪಾತವನ್ನು ಜಾರಿಗೆ ತಂದಿತು. ತೀವ್ರ ನಿಗಾ ಘಟಕದಲ್ಲಿ ಒಬ್ಬ ನರ್ಸಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಐವರೇ ಮಿತಿ. ಆರಿಗನ್ 2023ರಲ್ಲಿ ಅಂಥ ಕಾನೂನು ಮಾಡಿತು. ಎರಡೂ ಒಡಂಬಡಿಕೆಯ ಹೊರಗಿನ ರಾಜ್ಯಗಳು. ಒಳಗಿರುವ ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಇಂಥ ಮಿತಿ ಕಾನೂನಿನಲ್ಲಿಲ್ಲ. ಬಾಗಿಲು ತೆರೆದರೆ ಕೆಳಗಿನ ಮಟ್ಟ ಮೇಲೇರುವುದರ ಬದಲು ಮೇಲಿನ ಮಟ್ಟ ಕೆಳಗಿಳಿದೀತು ಎಂಬುದು ಅವರ ಆತಂಕ. ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಇದು ಸರಿಯಲ್ಲ. ಕ್ಯಾಲಿಫೋರ್ನಿಯಾ ಸೇರಿದರೂ ಅದರ ಅನುಪಾತ ಅಲ್ಲಿಯೇ ಉಳಿಯುತ್ತದೆ, ಹೊರಗಿನಿಂದ ಬಂದ ನರ್ಸಿಗೂ ಅದೇ ಅನ್ವಯ. ರಾಜಕೀಯದ ಮಾತಿನಲ್ಲಿ ಆತಂಕ ಸರಿಯಾದದ್ದೇ. ‘ನರ್ಸುಗಳ ಕೊರತೆಯಿದೆ, ಅದಕ್ಕೆ ಒಡಂಬಡಿಕೆಯೇ ಮದ್ದು’ ಎಂದು ಆಸ್ಪತ್ರೆಗಳು ಹೇಳುವಾಗ, ಇರುವ ನರ್ಸುಗಳು ಹಾಸಿಗೆಯ ಪಕ್ಕದ ಕೆಲಸವನ್ನೇ ಏಕೆ ಬಿಡುತ್ತಿದ್ದಾರೆಂಬ ಪ್ರಶ್ನೆ ಮರೆಗೆ ಸರಿಯುತ್ತದೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ಎಂಟು ರೋಗಿಗಳನ್ನು ನೋಡಿ ಬಸವಳಿದವಳನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಅಲ್ಲಿ ಅವಳ ಬಸವಳಿಕೆ ಕಡಿಮೆಯಾಗದು.

ಈಗ, ಹೆಚ್ಚು ಚರ್ಚೆಯಾಗದ ಮಾತೊಂದು. ಬಹುರಾಜ್ಯ ಪರವಾನಗಿಗೆ ಎಲ್ಲ ರಾಜ್ಯಗಳಿಗೂ ಏಕರೂಪವಾದ ಅರ್ಹತೆಗಳಿವೆ. ಅವುಗಳಲ್ಲಿ ಎರಡು ನನ್ನನ್ನು ಕಾಡುತ್ತವೆ.

ಒಂದು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು. ನಮ್ಮ ಸಮುದಾಯದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸ ಮಾಡಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಕೆಲಸದ ಅನುಮತಿ ಇಲ್ಲದವರಿಗೆ ಆ ಸಂಖ್ಯೆ ಸಿಗುವುದಿಲ್ಲ. 2015ರಿಂದ ಕೆಲವರಿಗೆ ಅನುಮತಿ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ. ಎನ್‌ಕ್ಲೆಕ್ಸ್ ಬರೆಯುವಷ್ಟು ಓದಿ, ಡಲ್ಲಾಸಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕಾಯುವ ಅವಳ ಎದುರು ನಾವು ‘ರಾಜ್ಯಗಳ ಗಡಿ ಅಳಿಯಿತು’ ಎಂದು ಸಂಭ್ರಮಿಸುವುದು ಹೇಗೆ?

ಇನ್ನೊಂದು, ಗಂಭೀರ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವರಿಗೆ ಬಹುರಾಜ್ಯ ಪರವಾನಗಿ ಸಿಗದು. ಎಷ್ಟು ವರ್ಷ ಹಿಂದಿನದು, ಶುಶ್ರೂಷೆಗೆ ಸಂಬಂಧವಿದೆಯೇ ಎಂಬ ವಿವೇಚನೆಗೆ ಅಲ್ಲಿ ಜಾಗವಿಲ್ಲ. ಒಂದೇ ರಾಜ್ಯದ ಪರವಾನಗಿ ಕೊಡುವಾಗ ಮಂಡಳಿಗಳು ಆ ವಿವೇಚನೆ ಮಾಡಬಲ್ಲವು. ಈ ದೇಶದಲ್ಲಿ ಯಾರು ಹೆಚ್ಚು ಬಂಧನಕ್ಕೊಳಗಾಗುತ್ತಾರೆ, ಯಾರಿಗೆ ಹೆಚ್ಚು ಶಿಕ್ಷೆಯಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. 1948ರಲ್ಲಿ ತೆರೆದ ಬಾಗಿಲಿನ ಒಂದು ಪಟ್ಟು ಹೀಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

‘ಕಟ್ಟುನಿಟ್ಟು ಬೇಡವೇ? ಮೋಸ ನಡೆದರೆ?’ ಎಂದು ಕೇಳಬಹುದು. ಬೇಕು. 2023ರ ಜನವರಿಯಲ್ಲಿ ಫ್ಲಾರಿಡಾದ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಪ್ರಮಾಣಪತ್ರಗಳು ಮಾರಾಟವಾದ ಪ್ರಕರಣ ಹೊರಬಿದ್ದು 25 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಒಂದು ರಾಜ್ಯದ ಸಡಿಲು ಇನ್ನೊಂದು ರಾಜ್ಯದ ರೋಗಿಯನ್ನು ತಲುಪಬಲ್ಲದು. ಆದರೆ ಆ ಮೋಸವನ್ನು ತಡೆಯಬೇಕಾದದ್ದು ಶಾಲೆಗಳ ತಪಾಸಣೆಯಿಂದ, ಪರವಾನಗಿ ಮಂಡಳಿಗಳು ಮಾಹಿತಿಯನ್ನು ಕೂಡಲೇ ಹಂಚಿಕೊಳ್ಳುವುದರಿಂದ. ಇಪ್ಪತ್ತು ವರ್ಷ ಹಿಂದಿನ ಶಿಕ್ಷೆಯನ್ನು ತೀರಿಸಿ ಬಂದವಳನ್ನು ಹೊರಗಿಟ್ಟರೆ ನಕಲಿ ಪ್ರಮಾಣಪತ್ರ ನಿಲ್ಲದು.

ಹಾಗಾದರೆ ನಮ್ಮ ನಿಲುವೇನು? ಆಸ್ಟ್ರೇಲಿಯಾದಲ್ಲಿರುವ ಗೆಳೆಯರಿಗೆ ಇದರ ಉತ್ತರ ಗೊತ್ತಿದೆ. ಅಲ್ಲಿಯೂ ಹಿಂದೆ ರಾಜ್ಯಕ್ಕೊಂದು ನೋಂದಣಿ ಇತ್ತು. 2010ರಿಂದ ಇಡೀ ದೇಶಕ್ಕೆ ಒಂದೇ ನೋಂದಣಿ. ಅದಾದ ಐದು ವರ್ಷಕ್ಕೆ, 2015ರಲ್ಲಿ, ವಿಕ್ಟೋರಿಯಾ ರಾಜ್ಯ ನರ್ಸ್-ರೋಗಿ ಅನುಪಾತವನ್ನು ಕಾನೂನಾಗಿಸಿತು. ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಅದೇ ಹಾದಿ ಹಿಡಿಯಿತು. ಪರವಾನಗಿಯ ಗಡಿ ತೆರೆದದ್ದರಿಂದ ದುಡಿಮೆಯ ರಕ್ಷಣೆ ಕುಸಿಯಲಿಲ್ಲ. ಸಂಘಟಿತ ನರ್ಸುಗಳು ಎರಡನ್ನೂ ಪಡೆದರು. ‘ಒಂದನ್ನು ಆರಿಸಿಕೊಳ್ಳಿ’ ಎಂದು ನಮಗೆ ಹೇಳುವವರು, ಆಸ್ಪತ್ರೆಯ ಕಡೆಯವರಾಗಲಿ ಸಂಘದ ಕಡೆಯವರಾಗಲಿ, ಈ ಉದಾಹರಣೆಯನ್ನು ನೋಡಬೇಕು.

ಆದ್ದರಿಂದ ನನ್ನ ಮಾತು ಇಷ್ಟು. ಒಡಂಬಡಿಕೆಯನ್ನು ತಿರಸ್ಕರಿಸುವುದು ಬೇಡ. ಇದ್ದ ಹಾಗೆಯೇ ನುಂಗುವುದೂ ಬೇಡ. ಒಡಂಬಡಿಕೆಯ ನಿಯಮಗಳನ್ನು ಮಾಡುವ ಆಯೋಗದಲ್ಲಿ ಕೂರುವವರು ರಾಜ್ಯ ಮಂಡಳಿಗಳ ಮುಖ್ಯಸ್ಥರು. ವಾರ್ಡಿನಲ್ಲಿ ದುಡಿಯುವ ನರ್ಸುಗಳಿಗೆಂದು ಅಲ್ಲಿ ಒಂದು ಕುರ್ಚಿಯೂ ಮೀಸಲಿಲ್ಲ. ನಾವು ಕೇಳಬೇಕಾದ ಮೊದಲ ಕುರ್ಚಿ ಅದು.

ನಿಮ್ಮಲ್ಲಿ ಹಲವರು ನ್ಯೂಯಾರ್ಕಿನಲ್ಲಿದ್ದೀರಿ. ಅಲ್ಲಿನ ಗವರ್ನರ್ ಒಂದಕ್ಕಿಂತ ಹೆಚ್ಚು ಬಾರಿ ಬಜೆಟ್ಟಿನ ಪ್ರಸ್ತಾವದಲ್ಲಿ ಈ ಒಡಂಬಡಿಕೆಯನ್ನು ಸೇರಿಸಿದರು, ಶಾಸಕಾಂಗ ಕೈಬಿಟ್ಟಿತು. ಅದು ಮತ್ತೆ ಬರುತ್ತದೆ. ಬಂದಾಗ ನಿಮ್ಮ ಶಾಸಕರಿಗೆ ಕರೆಮಾಡಿ, ‘ಬೆಂಬಲಿಸಿ’ ಎಂದಷ್ಟೇ ಹೇಳಬೇಡಿ. ಇದರ ಜೊತೆಯಲ್ಲಿ ರೋಗಿಗಳ ಮಿತಿಯ ಕಾನೂನು ಎಲ್ಲಿದೆ ಎಂದು ಕೇಳಿ. ಮುಷ್ಕರದ ಸಮಯದಲ್ಲಿ ಆಸ್ಪತ್ರೆಗಳು ಹೊರರಾಜ್ಯದ ಬದಲಿ ನರ್ಸುಗಳ ಸಂಖ್ಯೆಯನ್ನೂ ಅವರಿಗಾಗಿ ಮಾಡಿದ ಖರ್ಚನ್ನೂ ಬಹಿರಂಗಪಡಿಸಬೇಕೆಂಬ ನಿಯಮ ಮಾಡುವಿರಾ ಎಂದು ಕೇಳಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವಳಿಗೆ, ಹಳೆಯ ಶಿಕ್ಷೆ ತೀರಿಸಿದವಳಿಗೆ ಯಾವ ದಾರಿ ಎಂದು ಕೇಳಿ. ಟೆಕ್ಸಾಸ್, ನ್ಯೂಜೆರ್ಸಿಯಂಥ ಸದಸ್ಯ ರಾಜ್ಯಗಳಲ್ಲಿ ಇರುವವರು ಇದೇ ಪ್ರಶ್ನೆಗಳನ್ನು ಇಂದೇ ಕೇಳಬಹುದು. ಒಡಂಬಡಿಕೆ ಜಾರಿಯಾಗಿದೆಯೆಂದು ಪ್ರಶ್ನೆಗಳು ಮುಗಿದಿಲ್ಲ.

ಆ ಬಸ್ ಚಾಲಕರು ಮತ್ತೊಮ್ಮೆ ನಮ್ಮ ವಿಭಾಗಕ್ಕೆ ತಪಾಸಣೆಗೆ ಬಂದಿದ್ದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ‘ನಲವತ್ತು ವರ್ಷ ಆ ಸೇತುವೆ ಮೇಲೆ ಬಸ್ಸು ಓಡಿಸಿದ್ದೇನೆ. ನನ್ನನ್ನು ಅಲ್ಲಿ ಯಾರೂ ಯಾವತ್ತೂ ತಡೆದಿರಲಿಲ್ಲ’ ಎಂದರು. ನನಗೆ ಆಗ ಉತ್ತರ ತಿಳಿಯಲಿಲ್ಲ. ಇಂದು ನಿಮ್ಮ ಮುಂದೆ ಆಡಿದ್ದು ಅವರಿಗೆ ಹೇಳಬೇಕಾಗಿದ್ದ ಮಾತು.